ಹರಾಜಿಗೆ ಹೋದ ಯಾದಮ್ಮನ ಮನೆ

ನನಗೆ ಒಂದು ಕಡೆ ಕೂತಿರಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಲ್ಲಿನ ಡಾಕ್ಟರ ಹತ್ತಿರ ಹೋದರೂ ನನ್ನ ಸರದಿ ಬರುವಷ್ಟರಲ್ಲಿ ಅಲ್ಲಿನ ಕುರ್ಚಿಗಳೆಲ್ಲ ನನಗೆ ಪರಿಚಯವಾಗಿರುತ್ತವೆ. ಅಂಥವನು ದಾನ ಮಾಡಲು ಹೊರಟರೆ ಹಳೆಯ ಅಂಗಿ, ಕಂಬಳಿ ಕೊಟ್ಟು ಸುಮ್ಮನಾಗಬೇಕು. ಅಂಗಿ ಯಾರಿಗೆ ಹಿಡಿಸಿತು, ಯಾರಿಗೆ ಬಿಗಿಯಾಯಿತು ಎಂದು ಯಾರೂ ಬಂದು ವರದಿ ಒಪ್ಪಿಸುವುದಿಲ್ಲ. ಆದರೆ ತಾನೇ ಬರೆದ ಚಿತ್ರವನ್ನು ದಾನ ಕೊಟ್ಟು, ಅದನ್ನು ನಾಲ್ಕು ಜನರ ಎದುರು ಹರಾಜಿಗಿಟ್ಟು, ಬರೆದವನನ್ನೇ ಮೊದಲ ಸಾಲಿನಲ್ಲಿ ಕುರ್ಚಿ ಹಾಕಿ ಕೂಡಿಸಿದರೆ ಆಗುವ ಸಂಕಟ ಶತ್ರುವಿಗೂ ಬೇಡ. ನಾನು ಅದನ್ನು ಕೈಯಾರೆ ತಂದುಕೊಂಡೆ.

ಆ ವರ್ಷ ಮಳೆ ನಮ್ಮ ಹೈದರಾಬಾದನ್ನು ಹಿಡಿದು ಅಲ್ಲಾಡಿಸಿಬಿಟ್ಟಿತು. ನಾರಾಯಣಗೂಡದ ನಮ್ಮ ಓಣಿಯಲ್ಲಿ ಮೊಣಕಾಲುದ್ದ ನೀರು ಬಂದು ಎರಡು ದಿನಕ್ಕೆ ಇಳಿದು ಹೋಯಿತು. ನಾಲೆಯ ದಂಡೆಯ ಬಸ್ತಿಗಳಲ್ಲಿ, ಅಂದರೆ ಬಡವರ ಕೇರಿಗಳಲ್ಲಿ ಮಾತ್ರ ಮನೆಗಳೇ ಮುಳುಗಿದವು. ನಮ್ಮ ಮನೆಗೆಲಸದ ಯಾದಮ್ಮನ ಮನೆಯೂ ಅಲ್ಲೇ. ಹತ್ತು ದಿನ ಸರಕಾರಿ ಶಾಲೆಯೊಂದರ ಕೋಣೆಯಲ್ಲಿದ್ದು, ಹನ್ನೊಂದನೆಯ ದಿನ ಏನೂ ಆಗದವಳಂತೆ ಬಂದು ಪೊರಕೆ ಹಿಡಿದಳು. ನನ್ನ ಹೆಂಡತಿ ಸುವರ್ಣ ಅವಳನ್ನು ಕೂಡಿಸಿ ಚಹಾ ಕೊಟ್ಟು, ಗಂಟೆಗಟ್ಟಲೆ ಮಾತಾಡಿಸಿದಳು. ನಾನು ಪಕ್ಕದ ಕೋಣೆಯಲ್ಲಿ ಪೇಪರು ಓದುತ್ತ, ಬಸ್ತಿಗಳ ದುರವಸ್ಥೆಯ ಬಗ್ಗೆ ಮರುಗುತ್ತಿದ್ದೆ.

ಅದೇ ವಾರ ನಮ್ಮ ಕನ್ನಡದವರ ಸಂಘದ ಕಾರ್ಯದರ್ಶಿ ಕುಲಕರ್ಣಿ ಮನೆಗೆ ಬಂದರು. ಊರಿನ ಕಲಾವಿದರಿಂದ ಚಿತ್ರಗಳನ್ನು ದಾನ ಪಡೆದು, ಹರಾಜು ಹಾಕಿ, ಬಂದದ್ದನ್ನೆಲ್ಲ ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಕೊಡುವುದೆಂದು ತೀರ್ಮಾನವಾಗಿತ್ತು. "ಶರಣಪ್ಪನವರ, ನಿಮ್ಮದೂ ಒಂದು ಇರ್ಲಿರಿ" ಎಂದರು. ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದು ನಿವೃತ್ತನಾದ ಮೇಲೆ ನಾನು ಜಲವರ್ಣಕ್ಕೆ ಕೈ ಹಾಕಿದ್ದು ನಿಜ. ಆದರೆ ನನ್ನನ್ನು ಕಲಾವಿದ ಎಂದು ಕರೆದವರಲ್ಲಿ ಕುಲಕರ್ಣಿಯವರೇ ಮೊದಲಿಗರು. ಆ ಸಂತೋಷದಲ್ಲಿ ಗೋಡೆಯ ಮೇಲಿದ್ದ ನನ್ನ ಚಾರ್ಮಿನಾರನ್ನು ಇಳಿಸಿ, ಧೂಳು ಸಹ ಒರೆಸದೆ ಕೊಟ್ಟುಬಿಟ್ಟೆ.

ಮೂರನೆಯ ದಿನ ಚಾರ್ಮಿನಾರ್ ಆಟೋದಲ್ಲಿ ಮರಳಿ ಬಂತು. ಜೊತೆಗೆ ಕುಲಕರ್ಣಿ. "ತಪ್ಪು ತಿಳೀಬ್ಯಾಡ್ರಿ. ನಿಮ್ಮದು ಬಿಟ್ಟು ಹದಿನಾಲ್ಕು ಚಿತ್ರ ಬಂದಾವ, ಅದರಾಗ ಒಂಬತ್ತು ಚಾರ್ಮಿನಾರ. ಬ್ಯಾರೆ ಏನರ ಕೊಡ್ರಿ. ಮುಂದಿನ ಐತವಾರ ಹರಾಜು ಐತಿ."

ದಾನವನ್ನೂ ವಾಪಸು ಕೊಡಬಹುದೆಂದು ನನಗೆ ಗೊತ್ತಿರಲಿಲ್ಲ. ಅವತ್ತಿನಿಂದ ಶುರುವಾಯಿತು ನನ್ನ ತಿರುಗಾಟ. ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡಿಗೆಮನೆಗೆ. ಒಂದು ಕೆರೆ ಬರೆದೆ. ಒಣಗಿದ ಮೇಲೆ ಅದು ದೋಸೆಯಂತೆ ಕಂಡಿತು. ಗೋಲ್ಕೊಂಡದ ಬುರುಜು ಬರೆದೆ. ಸುವರ್ಣ ನೋಡಿ "ಕುಕ್ಕರ್ ಛಲೋ ಬಂದೈತಿ" ಎಂದಳು. ಹೊಸ ಕುಂಚ ಇಲ್ಲದ್ದೇ ಇದಕ್ಕೆಲ್ಲ ಕಾರಣವೆಂದು ಅಬಿಡ್ಸ್ ಪೇಟೆಗೆ ಹೋಗಿ ಕುಂಚ ತಂದೆ. ಮರುದಿನ ಕಾಗದ ಸರಿಯಿಲ್ಲವೆಂದು ಮತ್ತೆ ಹೋದೆ. ಮೂರನೆಯ ಸಲ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಸುವರ್ಣ ಬಾಗಿಲಿಗೆ ಅಡ್ಡ ನಿಂತಳು.

"ಏನ್ರೀ, ಒಂದ್ ಕಡೆ ಕೂಡ್ರಿ. ನೆರಿ ಬಂದವರ ಸಲುವಾಗಿ ಹರಾಜು ಅಂದ್ರ ನೆರಿ ಬಂದ ಮನೀದ ಚಿತ್ರಾನ ತಗೀರಿ. ಯಾದಮ್ಮನ ಮನಿ ನೀವು ನೋಡೀರಲ್ಲ?"

ನೋಡಿದ್ದೆ. ಎರಡು ವರ್ಷದ ಹಿಂದೆ ಅವಳ ಮಗಳ ಮದುವೆಗೆ ಇಬ್ಬರೂ ಹೋಗಿ, ಅವಳ ಮನೆ ಮುಂದಿನ ಚಪ್ಪರದಲ್ಲಿ ಊಟ ಮಾಡಿ ಬಂದಿದ್ದೆವು. ನೀಲಿ ಬಾಗಿಲು, ಪಕ್ಕದಲ್ಲೊಂದು ಚಿಕ್ಕ ಕಿಟಕಿ, ಬೇವಿನ ಮರ. ಕೂತು ಬರೆಯತೊಡಗಿದೆ. ಎರಡು ದಿನದಲ್ಲಿ ಚಿತ್ರ ಮುಗಿಯಿತು, ನನಗೇ ನಂಬಿಕೆ ಬಾರದಷ್ಟು ಚೆನ್ನಾಗಿ. ಸುವರ್ಣ ಬಹಳ ಹೊತ್ತು ನೋಡಿ, "ಆಕೀನ್ನ ಒಂದು ಮಾತು ಕೇಳಿದ್ರೇನು?" ಎಂದಳು. ಕೇಳಿರಲಿಲ್ಲ. ಯಾದಮ್ಮ ದಿನಾ ಬೆಳಿಗ್ಗೆ ನಾನು ಕೂತ ಕುರ್ಚಿಯ ಕೆಳಗೇ ಗುಡಿಸಿ ಹೋಗುತ್ತಿದ್ದಳು. ಅವಳು ಬರುವ ಹೊತ್ತಿಗೆ ನಾನು ಚಿತ್ರವನ್ನು ಮಗುಚಿ ಇಡುತ್ತಿದ್ದೆ. "ಆಮೇಲೆ ಹೇಳೋಣ, ಖುಷಿಪಡ್ತಾಳೆ" ಎಂದೆ. "ಮುಳುಗಿದ ಮನಿ ಗೋಡಿ ಮ್ಯಾಲ ತೂಗುಬಿಟ್ರ ಖುಷಿ ಆಗತೈತೇನು?" ಎಂದು ಕೇಳಿ ಅವಳು ಒಳಗೆ ಹೋದಳು. ನನ್ನ ತಿರುಗಾಟ ಮತ್ತೆ ಶುರುವಾಯಿತು. ಆದರೂ ಕೇಳಲಿಲ್ಲ. ಬೇಡ ಅಂದುಬಿಟ್ಟರೆ ನನ್ನ ಹತ್ತಿರ ಉಳಿಯುವುದು ಕುಕ್ಕರ್ ಒಂದೇ ಅಲ್ಲವೇ!

ಭಾನುವಾರ ಬೆಳಿಗ್ಗೆ ಒಂದು ಶಾಲೆಯ ಸಭಾಂಗಣದಲ್ಲಿ ಹರಾಜು. ಕನ್ನಡದವರು, ತೆಲುಗಿನವರು, ಉರ್ದು ಮಾತಾಡುವವರು ಎಲ್ಲ ಬಂದಿದ್ದರು. ಒಂಬತ್ತು ಚಾರ್ಮಿನಾರುಗಳು ಒಂದರ ಹಿಂದೆ ಒಂದು ಬಿಸಿ ಮಿರ್ಚಿ ಭಜಿಯಂತೆ ಖರ್ಚಾದವು. ಪ್ರತಿ ಸಲ ಚಪ್ಪಾಳೆ ಬಿದ್ದಾಗಲೂ ಆಟೋದಲ್ಲಿ ಮರಳಿ ಬಂದ ನನ್ನ ಚಾರ್ಮಿನಾರಿಗಾಗಿ ಹೊಟ್ಟೆ ಉರಿಯಿತು. ನಾನು ಎದ್ದು ಹೋಗಿ ನೀರು ಕುಡಿದೆ. ಬಂದು ಕೂತೆ. ಮತ್ತೆ ಎದ್ದು ಕಿಟಕಿಯ ಹತ್ತಿರ ನಿಂತೆ. ಪಕ್ಕದ ಕುರ್ಚಿಯ ಮುದುಕರೊಬ್ಬರು, "ಮೂತ್ರದ ತೊಂದರೆಗೆ ಬಾರ್ಲಿ ನೀರು ಒಳ್ಳೇದು" ಎಂದು ಸಲಹೆ ಕೊಟ್ಟರು.

ನನ್ನ ಸರದಿ ಬಂದಾಗ ಹಿಂದಿನ ಬಾಗಿಲಿನಿಂದ ಉಪ್ಪಿಟ್ಟಿನ ವಾಸನೆ ಬರುತ್ತಿತ್ತು. ಜನರ ಕಣ್ಣು ವೇದಿಕೆಯ ಕಡೆಗಿದ್ದರೂ ಮೂಗು ಹಿಂದಕ್ಕಿತ್ತು. ಕುಲಕರ್ಣಿ ಚಿತ್ರವನ್ನು ಎತ್ತಿ ಹಿಡಿದು, "ನಾಲೆ ದಂಡೆಯ ಮನೆ, ಜಲವರ್ಣ" ಎಂದು ಕೂಗಿದರು. ಯಾರೂ ಮಾತಾಡಲಿಲ್ಲ. ಇನ್ನೊಮ್ಮೆ ಕೂಗಿದರು. ಯಾರೋ ಕೆಮ್ಮಿದರು. ಕುಲಕರ್ಣಿ ಆಸೆಯಿಂದ ಅತ್ತ ನೋಡಿದರು, ಅದು ಬರೀ ಕೆಮ್ಮೇ ಆಗಿತ್ತು. ನಾನು ನೀರು ಕುಡಿಯಲು ಅರ್ಧ ಎದ್ದಿದ್ದೆ.

"ಇದಿ ಮಾ ಇಲ್ಲು ಗದಾ, ಸಾರೂ!"

ಹಿಂದಿನ ಸಾಲಿನಲ್ಲಿ ಯಾದಮ್ಮ ಎದ್ದು ನಿಂತಿದ್ದಳು. ಇದು ನಮ್ಮ ಮನೆ ಅಲ್ಲವಾ ಎಂದು ಕೇಳುತ್ತಿದ್ದಳು. ಪಕ್ಕದಲ್ಲಿ ಸುವರ್ಣ, ನನ್ನ ಕಡೆ ನೋಡದೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಕರೆದುಕೊಂಡು ಬಂದವಳು ಅವಳೇ. ನಾನು ಮಾಡಬೇಕಾಗಿದ್ದ ಕೆಲಸವನ್ನು ಅವಳು ನನಗೆ ಹೇಳದೆ ಮಾಡಿದ್ದಳು. ಅರ್ಧ ಎದ್ದವನು ಕೂಡಲೂ ಆಗದೆ, ನಿಲ್ಲಲೂ ಆಗದೆ ಹಾಗೇ ಉಳಿದೆ.

ಯಾದಮ್ಮ ಮುಂದೆ ಬಂದು ಚಿತ್ರವನ್ನು ಹತ್ತಿರದಿಂದ ನೋಡಿದಳು. ಅವಳ ತೆಲುಗನ್ನು ಕನ್ನಡದಲ್ಲೇ ಹೇಳುತ್ತೇನೆ. "ಬೇವಿನ ಮರ ಆ ಕಡೆ ಸಾರು, ಈ ಕಡೆ ಅಲ್ಲ" ಎಂದಳು ಮೊದಲು. ಜನ ನಕ್ಕರು. "ಗೋಡೆ ಇಷ್ಟು ಬೆಳ್ಳಗೆ ಯಾವಾಗ ಇತ್ತು?" ಎಂದು ತನ್ನನ್ನೇ ಕೇಳಿಕೊಂಡಳು. ಸ್ವಲ್ಪ ತಡೆದು, "ಹಾಂ, ಮಗಳ ಮದುವೆಗೆ ಸುಣ್ಣ ಹೊಡೆಸಿದ್ವಿ. ನೀವು ಬಂದಿದ್ರಲ್ಲ ಅವತ್ತು. ಇದು ಅವತ್ತಿನ ಮನೆ" ಎಂದಳು. ಆಮೇಲೆ ಚೌಕಟ್ಟಿನ ಗಾಜಿನ ಮೇಲೆ, ಕಿಟಕಿಗಿಂತ ತುಸು ಎತ್ತರದಲ್ಲಿ ಬೆರಳಿಟ್ಟಳು. "ನೀರು ಇಲ್ಲೀವರೆಗೆ ಬಂತು."

ಉಪ್ಪಿಟ್ಟಿನ ಕಡೆ ಹೊರಟಿದ್ದವರು ನಿಂತರು. ಎದುರಿಗಿದ್ದ ಮೈಕನ್ನು ಲೆಕ್ಕಿಸದೆ ಯಾದಮ್ಮ, ನಮ್ಮ ಅಡಿಗೆಮನೆಯಲ್ಲಿ ಹೇಳುವಂತೆಯೇ ಹೇಳಿದಳು. ಅಕ್ಕಿಯ ಡಬ್ಬಿಯನ್ನು ಮೊದಲು ಮಂಚದ ಮೇಲಿಟ್ಟಳಂತೆ. ಮಂಚ ಮುಳುಗಿತು. ಪಕ್ಕದ ಮನೆಯ ಕಣ್ಣು ಕಾಣದ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ಎದುರಿನ ಕಟ್ಟಡದ ಮೆಟ್ಟಿಲಿಗೆ ಬಿಟ್ಟು ತಿರುಗಿ ನೋಡಿದರೆ, ಡಬ್ಬಿ ತೇಲಿಕೊಂಡು ಬಾಗಿಲು ದಾಟಿ ಹೊರಟಿತ್ತು. "ನೆಂಟರ ಮನೆಗೆ ಹೊರಟವರ ಹಾಗೆ ಹೋಯ್ತು ಸಾರು, ನನಗೊಂದು ಮಾತೂ ಹೇಳಲಿಲ್ಲ." ಎಲ್ಲರೂ ನಕ್ಕರು. ಅವಳೂ ನಕ್ಕಳು. ಮಾರನೆಯ ದಿನ ಎರಡು ಓಣಿಯ ಆಚೆ, ಒಂದು ಮಸೀದಿಯ ಕಾಂಪೌಂಡಿನ ಗೇಟಿಗೆ ಸಿಕ್ಕಿಕೊಂಡು ಡಬ್ಬಿ ಸಿಕ್ಕಿತು. ಮುಚ್ಚಳ ಬಿಗಿಯಾಗಿತ್ತು. ಅಕ್ಕಿ ಒಣಗಿಯೇ ಇತ್ತು. ಮಸೀದಿಯವರು ಒಲೆ, ಪಾತ್ರೆ ಕೊಟ್ಟರು. ಮೆಟ್ಟಿಲ ಮೇಲಿದ್ದವರೆಲ್ಲ ಅವತ್ತು ಅದೇ ಅಕ್ಕಿಯ ಅನ್ನ ಉಂಡರು. "ಮನೆಯಿಂದ ಬಂದದ್ದು ಅದೊಂದೇ" ಎಂದಳು ಯಾದಮ್ಮ.

ಮೂರನೆಯ ಸಾಲಿನಲ್ಲಿದ್ದ ಒಬ್ಬ ಡಾಕ್ಟರಮ್ಮ ಎದ್ದರು. "ಈ ಚಿತ್ರ ನನಗೆ ಬೇಕು. ಆದರೆ ನೀರು ಬಂದ ಗೆರೆಯನ್ನು ಆಯಮ್ಮನೇ ಎಳೆದು ಕೊಡಬೇಕು" ಎಂದರು. "ಜಲವರ್ಣ ಮೇಡಂ, ಕೆಟ್ಟುಹೋಗುತ್ತೆ" ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಇಬ್ಬರು ಸೇರಿ ಉಪ್ಪಿಟ್ಟಿನ ಚಮಚದಿಂದ ಚೌಕಟ್ಟಿನ ಮೊಳೆ ಕಿತ್ತು ಚಿತ್ರವನ್ನು ಮೇಜಿನ ಮೇಲೆ ಹಾಸಿದರು. ಹೆಸರಿನ ಚೀಟಿ ಬರೆಯಲು ತಂದಿದ್ದ ನೀಲಿ ಸ್ಕೆಚ್ ಪೆನ್ನನ್ನು ಕುಲಕರ್ಣಿ ಯಾದಮ್ಮನ ಕೈಗೆ ಕೊಟ್ಟರು. ಅವಳು ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಕಡೆ ನೋಡಿದಳು. "ಎಳೀಲಾ, ಸಾರು?"

ನಾನು ಅವಳನ್ನು ಕೇಳಿರಲಿಲ್ಲ. ಅವಳು ನನ್ನನ್ನು ಕೇಳಿದಳು. ನಾನು ತಲೆಯಾಡಿಸಿದೆ.

ಒಂದೇ ಉಸಿರಿಗೆ, ಕೈ ಎತ್ತದೆ, ಈ ಅಂಚಿನಿಂದ ಆ ಅಂಚಿಗೆ ಎಳೆದಳು. ಬಾಗಿಲು, ಗೋಡೆ, ತಪ್ಪು ಜಾಗದಲ್ಲಿದ್ದ ಬೇವಿನ ಮರ ಎಲ್ಲವನ್ನೂ ದಾಟಿ ಹೋಯಿತು ಗೆರೆ. ಇಲಾಖೆಯಲ್ಲಿ ನಾನು ಎಳೆದ ಗೆರೆಗಳಿಗೆ ಲೆಕ್ಕವಿಲ್ಲ. ಕಾಲುವೆಯ ನಕ್ಷೆಗಳಲ್ಲಿ ಅತಿ ಹೆಚ್ಚು ನೀರು ಬಂದರೆ ಎಲ್ಲಿಯವರೆಗೆ ಬಂದೀತೆಂದು ತೋರಿಸುವ ಒಂದು ನೀಲಿ ಗೆರೆ ಇರುತ್ತದೆ. ಸ್ಕೇಲು ಇಟ್ಟು, ನಾಲಿಗೆ ಕಚ್ಚಿಕೊಂಡು, ಮಸಿ ಸೋರದಂತೆ ಅದನ್ನೂ ಎಷ್ಟೋ ಸಲ ಎಳೆದಿದ್ದೇನೆ. ನೇರವಾಗಿ ಬಂದರೆ ಸಾಹೇಬರು ಶಹಬ್ಬಾಸ್ ಎನ್ನುತ್ತಿದ್ದರು. ಆ ಗೆರೆಯ ಕೆಳಗೆ ಮಂಚ ಇರುತ್ತದೆ, ಅಕ್ಕಿಯ ಡಬ್ಬಿ ಇರುತ್ತದೆ ಎಂದು ನನಗೆ ಒಂದು ಸಲವೂ ಹೊಳೆದಿರಲಿಲ್ಲ. ಯಾದಮ್ಮನ ಗೆರೆ ಸ್ಕೇಲಿಲ್ಲದೆಯೂ ನೇರವಾಗಿತ್ತು.

ಆಮೇಲೆ ಕೈಗಳು ಎದ್ದದ್ದೇ ಎದ್ದದ್ದು. ಚಾರ್ಮಿನಾರ್ ಕೊಂಡವರಿಬ್ಬರು ತಮ್ಮ ಚಾರ್ಮಿನಾರುಗಳನ್ನು ಕಾಲಬುಡದಲ್ಲಿ ಇಟ್ಟು ಪೈಪೋಟಿಗಿಳಿದರು. ಕೊನೆಗೆ ಡಾಕ್ಟರಮ್ಮನೇ ಗೆದ್ದರು. ಅವತ್ತಿನ ಚಿತ್ರಗಳಲ್ಲೆಲ್ಲ ನಮ್ಮದೇ ಮುಂದೆ ಎಂದು ಕುಲಕರ್ಣಿ ಘೋಷಿಸಿದರು. 'ನಮ್ಮದು' ಎಂದರೆ ಯಾರದು ಎಂದು ಅವರು ಬಿಡಿಸಿ ಹೇಳಲಿಲ್ಲ. ನಾನು ಅಭಿನಂದನೆ ಸ್ವೀಕರಿಸಲು ಮುಖ ಸಿದ್ಧಮಾಡಿಕೊಂಡು ನಿಂತಿದ್ದೆ. ಜನ ನನ್ನನ್ನು ಸುತ್ತು ಹಾಕಿಕೊಂಡು ಹೋಗಿ ಯಾದಮ್ಮನನ್ನು ಮಾತಾಡಿಸಿದರು. ಒಬ್ಬರು ಮಾತ್ರ ನನ್ನ ಹತ್ತಿರ ಬಂದರು, ಬಾರ್ಲಿ ನೀರಿನ ಮುದುಕರು. ಶೌಚಾಲಯ ಎಡಗಡೆ ಇದೆ ಎಂದು ತೋರಿಸಿದರು.

ಮರಳುವಾಗ ಆಟೋದಲ್ಲಿ ಮೂವರೂ ಕೂತೆವು. ಸುವರ್ಣ ನನ್ನನ್ನು ಮೊಣಕೈಯಿಂದ ತಿವಿದಳು. "ಯಾದಮ್ಮ, ನಾನು ನಿನ್ನನ್ನು ಮೊದಲೇ ಕೇಳಬೇಕಾಗಿತ್ತು" ಎಂದೆ. ಯಾದಮ್ಮ ರಸ್ತೆ ನೋಡುತ್ತಲೇ, "ಕೇಳಿದ್ರೆ ಬೇವಿನ ಮರ ಯಾವ ಕಡೆ ಅಂತ ಹೇಳ್ತಿದ್ನಲ್ಲ ಸಾರು" ಎಂದಳು. ಅದು ಕ್ಷಮೆಯೋ ಬೈಗುಳವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಸುವರ್ಣ ಮಾತ್ರ ಬೈಗುಳವೇ ಎನ್ನುತ್ತಾಳೆ.

ಹರಾಜಿನ ಹಣದಿಂದ ನಾಲೆಯ ದಂಡೆಯ ಮನೆಮನೆಗೂ ಮಂಚ, ಒಲೆ, ಪಾತ್ರೆ ಹೋದವು. ಯಾದಮ್ಮನ ಗೋಡೆಗೆ ಮತ್ತೆ ಸುಣ್ಣ ಬಿತ್ತು. ಹೋದ ವಾರ ಕುಲಕರ್ಣಿಯವರ ಫೋನು ಬಂತು. ಈ ಸಲ ಯಾವುದೋ ಬೇರೆ ಊರಿನ ನೆರೆಗೆ ಸಹಾಯಾರ್ಥ ಹರಾಜು. "ಶರಣಪ್ಪನವರ, ಆ ಯಾದಮ್ಮನವರಿಗೆ ಬಿಡುವು ಐತೇನು ಕೇಳ್ರಿ. ಆಕಿ ಎರಡು ಮಾತಾಡಿದ್ರ ಸಾಕು." ನಾನು ಗಂಟಲು ಸರಿಮಾಡಿಕೊಂಡು, "ಮತ್ತ ನಾನು?" ಎಂದೆ. ಆ ಕಡೆ ಕುಲಕರ್ಣಿ ಸ್ವಲ್ಪ ಯೋಚಿಸಿದರು. "ನೀವೂ ಬರ್ರಿ. ಚಿತ್ರ ಎತ್ತಿ ಹಿಡಿದು ನಿಂದ್ರಾಕ ಒಬ್ಬರು ಬೇಕಾಗ್ತಾರ. ಆದ್ರ ಒಂದ ಕಡೆ ನಿಂದ್ರಬೇಕು ನೋಡ್ರಿ."