ಪರದೆ ಒಳಗಿನ ಊರಿಗೆ ಹೋಗಿಬಂದವರು

ಇಂಥಾವು ನಮ್ಮ ಅಂಗಡ್ಯಾಗ ಯಾಕ ಆಗತಾವು ಅಂತ ನಂಗ ಇನ್ನೂ ತಿಳದಿಲ್ಲ. ಕೆಳಗ ಒಬ್ಬಾಂವ ಕ್ಷೌರದ ಅಂಗಡಿ ಇಟ್ಟಾನ. ಅವನ ಕಡೆ ಹದಿನೈದು ವರ್ಷದಾಗ ಮೈ ಜುಮ್ ಅನ್ನೂ ಪ್ರಸಂಗ ಒಂದೂ ಆಗಿಲ್ಲ, ಅಂವ ಕ್ಷೌರದ ಕತ್ತಿ ಹಿಡದಾಗ ಗಿರಾಕಿಗೆ ಆಗೂದು ಬಿಟ್ರ. ನಮ್ಮಲ್ಲಿ ಮಾತ್ರ ಎರಡು ತಿಂಗಳಿಗೊಮ್ಮೆ ಏನರೆ ಒಂದು ಇದ್ದದ್ದ.

ನಂದು ಗೋವಾದ ವಾಸ್ಕೋದಾಗ ಗೇಮ್ ಆಡೂ ಅಂಗಡಿ. ನಾಕು ದೊಡ್ಡ ಟಿವಿ, ನಾಕು ಕುರ್ಚಿ, ಕಿಟಕಿಗೆ ಕರೀ ಪಡದೆ. ಮೂಲತಾ ನಾ ಧಾರವಾಡದ ಕಡ್ಯಾಂವ. ಒಂದು ಆಫೀಸಿನಾಗ ಕಾರಕೂನಿಕಿ ಮಾಡಾಕ ಇಲ್ಲಿಗೆ ಬಂದೆ, ಆಫೀಸ್ ಮುಚ್ಚಿತು, ನಾ ಇದನ್ನ ತೆರದೆ. ಬರಾವ್ರು ಹೆಚ್ಚಿಗಿ ನಮ್ಮ ಕಡೀ ಮಂದೀನ. ಅವ್ರೆಲ್ಲಾ ಕೇಳೂದು ಒಂದ ಆಟ. ಅದರಾಗ ಒಂದು ದೊಡ್ಡ ಸೀಮಿ ಐತಿ: ಅಡವಿ, ಸಮುದ್ರ, ಕ್ವಾಟಿ, ಹಳ್ಳಿ, ದೆವ್ವ. ನಿನಗೊಂದು ಕುದುರಿ, ಒಂದು ಕತ್ತಿ ಕೊಡತಾರ. ಆಮ್ಯಾಲ ಯಾವ ದಿಕ್ಕಿಗೆ ಬೇಕಾದ್ರ ಆ ದಿಕ್ಕಿಗೆ ಹೋಗು, ಕೇಳಾವ್ರಿಲ್ಲ.

ವಾರ ಪೂರ್ತಿ "ಇಲ್ಲಿ ನಿಂದ್ರು, ಅಲ್ಲಿಗೆ ಹೊರು" ಅನ್ನಿಸಿಕೊಂಡ ಮನಿಷ್ಯಾಗ ಐತವಾರ ಹಿಂಗೊಂದು ಸೀಮಿ ಸಿಕ್ರ ಅಂವ ತಿರುಗಿ ಬರ್ತಾನೇನು? ಮೈ ಕುರ್ಚಿಯಾಗ ಇರತೈತಿ. ಉಳದದ್ದು ಎಲ್ಲಿರತೈತೋ ನಾ ಹೇಳಾಂಗಿಲ್ಲ.

೧. ಗೌಂಡಿ

ವಿಜಾಪುರ ಕಡೀ ಒಬ್ಬ ಗೌಂಡಿ, ದಾಬೋಲಿಮ್‌ದಾಗ ಬಿಲ್ಡಿಂಗ್ ಕೆಲಸಕ್ಕ ಇದ್ದಾಂವ, ಒಂದು ಐತವಾರ ಬಂದ. ಆರು ಫೂಟು ಆಳು, ಮಾತು ಕಮ್ಮಿ. ಅವನ್ನ ಆಟದಾಗಿನ ದೊಡ್ಡ ಕ್ವಾಟಿ ಮುಂದ ಬಿಟ್ಟೆ. ಆ ಕ್ವಾಟಿ ಮ್ಯಾಲ ಬೆಂಕಿ ಉಗುಳೂ ಒಂದು ಪ್ರಾಣಿ ಸುತ್ತು ಹೊಡೀತಿರತೈತಿ. ಕಂಡ ಕೂಡ್ಲೆ ಎಲ್ಲಾರೂ ಕತ್ತಿ ಹಿರೀತಾರ. ಇಂವ ಅದನ್ನ ಕಣ್ಣೆತ್ತಿ ಸುದ್ದಾ ನೋಡಲಿಲ್ಲ. ಕ್ವಾಟಿ ಗ್ವಾಡಿ ಹಿಡಕೊಂಡು ಸಾವಕಾಶ ಅಡ್ಡಾಡಾಕತ್ತ.

"ಅಣ್ಣಾ, ಮ್ಯಾಲ ನೋಡೋ, ಸುಡತೈತಿ," ಅಂದೆ.

"ಸುಡ್ಲಿ ಬಿಡ್ರಿ. ಈ ಮೂಲಿ ಕಲ್ಲು ನೋಡ್ರಿಲ್ಲೆ. ಕಟ್ಟಿದಾಂವ ಯಾರು?"

"ಯಾರೋ ಕಂಪ್ಯೂಟರಿನವ್ರು."

"ಅವ್ರಿಗೆ ಹೇಳ್ರಿ. ಈ ಗ್ವಾಡಿ ನಿಂದ್ರಾಂಗಿಲ್ಲ."

ಮುಂದಿನ ಐತವಾರಾನೂ ಅಂವ ಅದ ಮೂಲಿಗೆ ಹೋಗಿ ನಿಂತ. ಅದರ ಮುಂದಿನ ವಾರಾನೂ. ಪ್ರಾಣಿ ಅವನ್ನ ಆರು ಸಲ ಸುಟ್ಟಿತು. ಸತ್ತು ಎದ್ದು ಮತ್ತ ಅದ ಮೂಲಿ. ಒಮ್ಮೆ ಟಿವಿಗೆ ಕಿವಿ ಹಚ್ಚಿ ಕೂತಿದ್ದ. "ಏನ ಕೇಳಾಕತ್ತಿ?" ಅಂದ್ರ, "ಒಳಗ ಉಸುಕು ಉದುರಾಕತ್ತೈತ್ರಿ," ಅಂದ. ಟಿವಿ ಸೌಂಡ್ ನಾ ಬಂದ್ ಮಾಡಿದ್ದೆ.

ನಾಕನೇ ವಾರ ಬಾಜೂ ಟಿವಿಯಾಗ ಬಂದರದ ಕ್ರೇನ್ ಡ್ರೈವರ್ ಒಬ್ಬಾಂವ ಆಡಾಕತ್ತಿದ್ದ. ಅಂವ ತಿಂಗಳುಗಟ್ಟಲೆ ಆಡಿ ಕಥಿ ಭಾಳ ಮುಂದ ಒಯ್ದಿದ್ದ. ಅವನ ಆಟದಾಗ ವೈರಿ ದಂಡು ಬಂತು, ಕಹಳಿ ಊದಿತು, ಕ್ವಾಟಿ ಧಡಧಡ ಬಿತ್ತು. ಮೊದಲ ಬಿದ್ದದ್ದು ಆ ಮೂಲಿ. ಉಸುಕು ಉದುರಿಕೋತ ಬಿತ್ತು.

ಕ್ರೇನ್ ಡ್ರೈವರ್ ಹೊಳ್ಳಿ ಗೌಂಡಿ ಕಡೆ ನೋಡಿದ. "ಇಂವ ಇಲ್ಲೀತನಕ ಆಡೇ ಇಲ್ಲಲ್ರಿ. ಇಂವಗ ಹೆಂಗ ಗೊತ್ತಾತು?"

ಗೌಂಡಿ ಕೈಯಾಗಿನ ಕಂಟ್ರೋಲರ್ ಕೆಳಗಿಟ್ಟ. ಎದ್ದು, ನನ್ನ ಕುರ್ಚಿ ಹಿಂದಿನ ಗ್ವಾಡಿ ನೋಡಿಕೋತ ನಿಂತ. ಹತ್ರ ಬಂದು ಬೊಟ್ಟು ಮಡಚಿ ಬಡದ. ಟಕ್. ಟಕ್. ಆಮ್ಯಾಲ ಒಂದು ಕಡೆ ಡುಬ್ ಅಂತು. ಅಂವ ಚಪ್ಪಲಿ ಮೆಟ್ಟಿಕೊಂಡ.

"ಏನಾತೋ? ಏನರೆ ಹೇಳು!" ಅಂದೆ.

"ಹೇಳಾಂಗಿಲ್ರಿ. ನಾ ಹೇಳಿದ್ರ ಬೀಳತಾವು."

ಅವತ್ತಿನಿಂದ ನನ್ನ ಕುರ್ಚಿ ಬಾಗಲದ ಹೊರಗೈತಿ. ಹೊಸ ಗಿರಾಕಿ ನನ್ನನ್ನ ವಾಚ್‌ಮನ್ ಅಂತ ತಿಳಕೊಂಡು, ಮಾಲಕ್ರು ಒಳಗ ಅದಾರೇನು ಅಂತ ಕೇಳತಾರ.

೨. ಕಡೀ ಖೋಲಿ

ಕಲಂಗುಟ್‌ದ ಒಂದು ಹೋಟೆಲಿನಾಗ ಖೋಲಿ ಸ್ವಚ್ಛ ಮಾಡೂ ಬೆಳಗಾವಿ ಕಡೀ ಹೆಣಮಗಳೊಬ್ಬಾಕಿ. ಗಂಡ ಬಂದರದಾಗ ಹಮಾಲ. ಸೂಟಿ ಸಿಕ್ಕಾಗ ಇಬ್ಬರೂ ಬರತಾರ. ಅಂವ ಆಡತಾನ, ಆಕಿ ಮಗ್ಗಲಕ್ಕ ಕೂತು ಶೇಂಗಾ ಸುಲೀತಾಳ.

ಆಟದ ಅಡವ್ಯಾಗ ಒಂದು ಹಳೇ ಛತ್ರ ಐತಿ. ಮ್ಯಾಲಿನ ಮಜಲಿನಾಗ ಕಡೀ ಖೋಲಿ. "ಅದರೊಳಗ ಹೋದಾವ್ರು ಹೊರಗ ಬಂದಿಲ್ಲ," ಅಂತ ಛತ್ರದ ಮುದುಕ ಮೊದಲ ಹೇಳತಾನ. ಗಂಡ ಬಾಗಲದ ತನಕ ಹೋದ. "ನೀ ತೆರಿ," ಅಂತ ಹೆಣತಿ ಕೈಗೆ ಕಂಟ್ರೋಲರ್ ಕೊಟ್ಟು ಕಣ್ಣು ಮುಚ್ಚಿಕೊಂಡ.

ಆಕಿ ಸೆರಗಿನಾಗಿನ ಶೇಂಗಾ ಸಿಪ್ಪಿ ಝಾಡಿಸಿದ್ಲು. ರೂಢಿ ನೋಡ್ರಿ, ಮುಂದಿನ ಟೇಬಲ್ ಮ್ಯಾಲ ಮೂರು ಸಲ ಬಡದು, "ಹೌಸ್‌ಕೀಪಿಂಗ್!" ಅಂತ ಒದರಿದ್ಲು.

ಟಿವಿ ಒಳಗಿಂದ ಯಾರೋ ಮೂರು ಸಲ ತಿರುಗಿ ಬಡದ್ರು.

ಆ ಬಾಗಲಾ ನಾ ನೂರು ಸಲ ತೆರಸೀನಿ. ಹಂಗ ಬಡದದ್ದು ಅದಕ್ಕಿಂತ ಮೊದಲೂ ಇಲ್ಲ, ಆಮ್ಯಾಲೂ ಇಲ್ಲ. ಆಕಿ ಬಾಗಲಾ ತೆರದ್ಲು. ಒಳಗ ಬಿಳೀ ಸೀರಿ, ಬಿಟ್ಟ ಕೂದಲಾ, ಗ್ವಾಡಿಗೆ ಮುಖ ಮಾಡಿ ನಿಂತ ಒಬ್ಬಾಕಿ. ನೆಲದ ತುಂಬ ರಕ್ತ. ಆ ಬಿಳೀ ಸೀರ್ಯಾಕಿ ಸಾವಕಾಶ ಇತ್ತ ತಿರುಗಾಕತ್ತಿದ್ಲು.

ನಮ್ಮಾಕಿ ಹಾಸಿಗಿ ನೋಡಿದ್ಲು. ಪಡದೆ ನೋಡಿದ್ಲು. ನೆಲಾ ನೋಡಿ ಒಂದು ಉಸಿರು ಬಿಟ್ಲು. "ಇನ್ನೂ ಚೆಕ್‌ಔಟ್ ಆಗಿಲ್ಲ. ಆಮ್ಯಾಲ ಬರ್ತೀನ್ರಿ," ಅಂತ ದೆವ್ವಕ್ಕ ಹೇಳಿ ಬಾಗಲಾ ಮುಚ್ಚಿಕೊಂಡು ಬಂದ್ಲು.

"ಅಂಜಿಕಿ ಆಗಲಿಲ್ಲೇನ ತಂಗಿ?" ಅಂತ ಕೇಳಿದೆ.

"ನಮ್ಮ ಹೋಟೆಲಿನಾಗೂ ಇಂಥಾದ್ದ ಒಂದು ಖೋಲಿ ಐತ್ರಿ. ಖಾಲಿ ಇದ್ರೂ ಮಧ್ಯಾಹ್ನಕ್ಕೊಮ್ಮೆ ಒಳಗಿಂದ ಫೋನ್ ಬರತೈತಿ. ಯಾರೂ ಮಾತಾಡಂಗಿಲ್ಲ. ನಾ ಬಾಗಲದ ಮುಂದ ಒಂದು ನೀರಿನ ಬಾಟ್ಲಿ ಇಟ್ಟು ಬರ್ತೀನಿ. ಸಂಜಿಗೆ ಖಾಲಿ ಆಗಿರತೈತಿ." ಆಕಿ ಮತ್ತ ಶೇಂಗಾ ಸುಲಿಯಾಕ ಕೂತ್ಲು. "ಹಂಗ ನೋಡಿದ್ರ ಗಿರಾಕಿಗಿಂತ ದೆವ್ವ ಚಲೋರಿ. ಟಾವೆಲ್ ಒಯ್ಯಾಂಗಿಲ್ಲ."

೩. ಮೂರನೇ ಗುಡಸಲಾ

ಟೆಂಪೋ ಹೊಡಿಯೂ ಒಬ್ಬಾಂವ ಇದ್ದ, ನಲವತ್ತು ದಾಟಿದಾಂವ. ಹುಟ್ಟಿ ಬೆಳದದ್ದು ಇಲ್ಲೇ ವಾಸ್ಕೋದ ಬಾಯ್ನಾದಾಗ, ಸಮುದ್ರದ ದಂಡಿ ಮ್ಯಾಲ. ಅಲ್ಲಿ ಮನಿಗಳನ್ನೆಲ್ಲಾ ಸರಕಾರದವ್ರು ಕೆಡವಿದಾಗ ಇವರದೂ ಹೋತು. ಅವ್ವ ಅದರ ಮುಂದಿನ ವರ್ಷಾನ ತೀರಿಕೊಂಡ್ಲು. ಮನೀದು ಒಂದು ಫೋಟೋ ಸುದ್ದಾ ಇಲ್ಲ ಅಂತಿದ್ದ.

ಆಟದಾಗ ಅಡ್ಡಾಡಿಕೋತ ಹೋಗಿ ಅಂವ ಸಮುದ್ರದ ದಂಡಿಗೆ ಒಂದು ಮೀನಗಾರರ ಕೇರಿ ಕಂಡ. ಕುದುರಿ ಇಳದು ಮೂರನೇ ಗುಡಸಲದ ಮುಂದ ನಿಂತ. ಒಂದು ತಾಸು ನಿಂತ. ಮುಂದಿನ ವಾರಾನೂ ಅಷ್ಟ.

"ಆಡೋ," ಅಂದೆ.

"ಆಡಾಕತ್ತೇನಲ್ರಿ." ಕಣ್ಣು ಕೀಳಲಿಲ್ಲ. "ನಮ್ಮ ಓಣೀನ ಇದು. ಹೊಗಿ ನೋಡ್ರಿ ಮ್ಯಾಲ. ಅವ್ವ ರೊಟ್ಟಿ ಬಡಿಯಾಕತ್ತಾಳ."

ಆ ಗುಡಸಲಾ ಬರೇ ಚಿತ್ರ. ಅದರ ಬಾಗಲಾ ತೆರಿಯೂದಿಲ್ಲ ಅಂತ ಎಲ್ಲಾರಿಗೂ ಗೊತ್ತು. ಆದರ ಒಂದು ಐತವಾರ ಅದು ತೆರೀತು. ಒಳಗಿಂದ ತಲಿ ಮ್ಯಾಲ ಸೆರಗು ಹೊದ್ದ ಮುದುಕಿ ಒಬ್ಬಾಕಿ ಬಂದು, ಸೀದಾ ಪಡದೆ ಹೊರಗ ಇವನ ಮುಖಾನ ನೋಡಿ, ಇಂಗ್ಲಿಷಿನಾಗ ಏನೋ ಅಂದ್ಲು.

"ಏನಂದ್ಲುರಿ?" ಅಂತ ಕೇಳಿದ.

"ಇಷ್ಟು ತಡಾ ಯಾಕ ಮಾಡಿದಿ ಅಂದ್ಲಪಾ," ಅಂದೆ.

ಅಂವ ಎರಡೂ ಕೈ ಮುಗದು ಸಣ್ಣ ಹುಡುಗರ ಗತೆ ಅತ್ತ. ಅಂಗಡ್ಯಾಗ ಯಾರೂ ಬಟನ್ ಒತ್ತಲಿಲ್ಲ.

ಮುಂದಿನ ವಾರ ಅಕ್ಕನ್ನ ಕರಕೊಂಡು ಬಂದ. ಅಕ್ಕ ಚಾಳೀಸ ಒರಸಿ ಹಾಕ್ಕೊಂಡು ಟಿವಿ ಮುಂದ ಕೂತ್ಲು. "ಎಡಕ್ಕ ತಿರಗಸೋ. ಹಿಂದಕ ಬಾ. ಹಾಂ, ತೆಂಗಿನ ಗಿಡಾ. ಅಲ್ಲಿ ದೋಣಿ." ದನಿ ಸಣ್ಣದಾತು. "ಖರೇ ಐತಿ ತಮ್ಮಾ. ಇದು ನಮ್ಮ ಓಣೀನ."

ಅಂವ ಮೂರನೇ ಗುಡಸಲಕ್ಕ ಹೋಗಿ ನಿಂತ. ಮುದುಕಿ ಹೊರಗ ಬಂದ್ಲು. ತಮ್ಮ ಕೈ ಮುಗದ. ಅಕ್ಕ ಪಟ್ಟನ ಅವನ ಕೈ ಜಗ್ಗಿದ್ಲು.

"ಏ ಹುಚ್ಚಾ! ಇದು ನಮ್ಮ ಮನಿ ಅಲ್ಲೋ, ಎದುರು ಮನಿ! ಆಕಿ ಜೋಡಿ ಅವ್ವಗ ಹನ್ನೊಂದು ವರ್ಷ ಮಾತಿರಲಿಲ್ಲ. ಆಕಿಗೆ ಕೈ ಮುಗೀತಿಯೇನು? ಹೊಳ್ಳು!"

ಅಂವ ಗಡಬಡಿಸಿ ಹೊಳ್ಳಿದ. ಎದುರು ಗುಡಸಲದ ಬಾಗಲಾ ಹಾಕಿತ್ತು. ಒಲಿ ಹೊಗೀನೂ ಇರಲಿಲ್ಲ. ಅಕ್ಕ-ತಮ್ಮ ಇಬ್ಬರೂ ಅದನ್ನ ನೋಡಿಕೋತ ಕೂತ್ರು. ಎರಡು ತಾಸಾತು. ಕುರ್ಚಿಗೆ ಬ್ಯಾರೆ ಮಂದಿ ಬಂದು ನಿಂತಿದ್ರು. ನಾ ಹೋಗಿ, "ಅಕ್ಕಾರ, ಯಾರೂ ಬರೂದಿಲ್ಲ, ಸಾಕ್ರಿನ್ನ," ಅಂದೆ.

ಅಕ್ಕ ಚಾಳೀಸದ ಮ್ಯಾಲಿಂದ ನನ್ನನ್ನ ನೋಡಿದ್ಲು. "ತಡೀರಿ ಸ್ವಲ್ಪ. ಅವ್ವ ನೀರಿಗೆ ನಳಕ್ಕ ಹೋಗ್ಯಾಳ. ಪಾಳಿ ಬರಬೇಕಲ್ಲ?"

೪. ನಂದು

ಇಷ್ಟೆಲ್ಲಾ ನೋಡಿ ನಾ ಒಂದು ಪಾಠ ಕಲತಿದ್ದೆ: ಆಟ ಆಡಸಬೇಕು, ಆಡಬಾರದು. ಆದರ ಆಷಾಢದ ಒಂದು ಗುರುವಾರ, ವಾರದ ಸೂಟಿ, ಆಟದ ಹೊಸಾ ಭಾಗ ಬಂದಿತ್ತು. ನಡೀತೈತೋ ಇಲ್ಲೋ ನೋಡೋಣು ಅಂತ ಮುಂಜಾನೆ ಎಂಟಕ್ಕ ಕೂತೆ. ಹೊರಗ ಮಳಿ, ಒಳಗ ಕರೀ ಪಡದೆ.

ಆ ಭಾಗದ ರೀತಿ ಇಷ್ಟ. ದಾರ್ಯಾಗ ಯಾರೋ ನಿಂತಿರತಾರ. ಹತ್ರ ಹೋದ್ರ ಒಂದು ಗಂಟು ಕೊಡತಾರ, ಇಂಥಲ್ಲಿಗೆ ಮುಟ್ಟಸು ಅಂತಾರ. ನೀ ಯಾಕ ಏನು ಕೇಳಬಾರದು. ಒಯ್ದು ಕೊಡಬೇಕು, ಅಷ್ಟ. ಒಂದು ಗಂಟು ಒಯ್ದೆ, ಎರಡು ಒಯ್ದೆ, ಹದಿನೇಳು ಒಯ್ದೆ. ಹದಿನೆಂಟನೇದ್ದಕ್ಕ ಕರೆಂಟ್ ಹೋತು. ಕರೀ ಟಿವಿಯಾಗ ನನ್ನ ಮುಖ ಒಂದ ಕಾಣಾಕತ್ತಿತ್ತು. ಅದು ನಂದ ಅಂತ ಗುರ್ತು ಸಿಗಾಕ ಸ್ವಲ್ಪ ಹೊತ್ತು ಹಿಡೀತು. ಗಡಿಯಾರದಾಗ ಒಂದೂವರಿ. ಚಹಾ ಸುದ್ದಾ ಕುಡದಿರಲಿಲ್ಲ.

ಮೆಟ್ಟಲಾ ಇಳದು ಬಂದೆ. ಮಳ್ಯಾಗ ಓಣಿ ಖಾಲಿ. ಮೂಲ್ಯಾಗ ಫೋಟೋಕ್ಕ ಚೌಕಟ್ಟು ಹಾಕೂ ಅಂಗಡಿ. ಅದರ ಬಾಗಲದಾಗ ಕೊಂಕಣಿ ಮುದುಕ ಒಬ್ಬಾಂವ, ಪೇಪರಿನಾಗ ಸುತ್ತಿದ ಒಂದು ಗಂಟು ಹಿಡಕೊಂಡು, ನನ್ನನ್ನ ನೆಟ್ಟ ನೋಡಿಕೋತ ನಿಂತಿದ್ದ. ಅವನ ಗುರ್ತು ನನಗಿರಲಿಲ್ಲ. ನಾ ಹತ್ರ ಹೋದೆ.

"ಬಂದ್ರಿ? ಮುಖ ನೋಡಿದ ಕೂಡ್ಲೆ ಗೊತ್ತಾತು," ಅಂತ ಕೊಂಕಣಿಯಾಗ ಅಂದು ಗಂಟು ನನ್ನ ಕೈಯಾಗ ಇಟ್ಟ. "ಲಗೂನ ಒಯ್ರಿ. ಅಲ್ಲಿ ಕಾಯಾಕತ್ತಾರ."

ಯಾವ ಮನಿಷ್ಯಾ ಆದ್ರೂ ಏನು ಎಂತಾ ಅಂತ ಕೇಳತಿದ್ದ. ನಾ ಹದಿನೇಳು ಗಂಟು ಒಯ್ದಾಂವ. "ಎಲ್ಲಿಗೆ ಕೊಡಬೇಕು?" ಅಂದೆ.

ಮುದುಕ ಕನಿಕರದಿಂದ ನೋಡಿದ. "ದೇವಾ! ದುಃಖದಾಗ ಹಿಂಗಽ ಆಗತೈತಿ. ಗುಡ್ಡದ ಮ್ಯಾಲ, ಹಳದೀ ಬಾಗಲದ ಮನಿ, ಮರ್ತ್ರಿ?"

ನಡದೆ. ಗುಡ್ಡದ ಮೆಟ್ಟಲಾ, ಪಾಚಿ, ಮಳಿ. ಛತ್ರಿ ಇಲ್ಲದ ಪೂರ್ತಿ ತೊಯ್ದಿದ್ದೆ, ಹಸಿವಿಗೆ ಮುಖ ಬಿಳೀ ಹಾಳಿ ಆಗಿತ್ತು. ಹಳದೀ ಬಾಗಲಾ ತೆರದ ಇತ್ತು. ಅಂಗಳದಾಗ ತಗಡಿನ ಚಪ್ಪರ, ಲೋಬಾನದ ಹೊಗಿ, ಮೂವತ್ತು ನಲವತ್ತು ಮಂದಿ. ಎಲ್ಲಾರೂ ಕಂಪೌಂಡ್ ಗ್ವಾಡಿ ಮ್ಯಾಲ ಇಟ್ಟ ಒಂದು ಎಲೀನ ನೋಡಿಕೋತ ಕೂತಿದ್ರು. ಎಲಿ ತುಂಬ ಅನ್ನ, ಹೋಳಗಿ. ಬಾಜೂಕ ಒಂದು ಕಾಗಿ, ಮುಟ್ಟದ ಕೂತಿತ್ತು.

ನಾ ಬಾಗಲದಾಗ ಕಾಲಿಟ್ಟೆ. ಕಾಗಿ ಪಟ್ಟನ ಜಿಗದು ಎಲಿಗೆ ಬಾಯಿ ಹಾಕಿತು.

ಮಂದಿ "ಮುಟ್ಟಿತು, ಮುಟ್ಟಿತು" ಅಂದು ಈ ಕಡೆ ಹೊಳ್ಳಿದ್ರು. ಹೊಳ್ಳಿದಾವ್ರು ಹಂಗಽ ನಿಂತ್ರು. ಯಾರದೋ ಕೈಯಾಗಿನ ಮಜ್ಜಿಗಿ ಕೊಡಾ ಬಿತ್ತು. ಹೆಂಗಸರು ಚೀರಿ ಒಳಗ ಓಡಿದ್ರು. ಒಬ್ಬ ಹಿರೀ ಮನಿಷ್ಯಾ ನಡಗಿಕೋತ ಮುಂದ ಬಂದು ನನ್ನ ಕಾಲಿಗೆ ಬಿದ್ದ.

"ಬಂದೇನಪಾ? ಏನು ಉಳದೈತಿ ನಿಂದು? ಏನು ಬೇಕು, ಹೇಳು."

"ಇದನ್ನ ಕೊಡಾಕ ಬಂದೀನಿ," ಅಂದೆ. ಆಟದಾಗ ಮಾತು ಅಷ್ಟ ಇರತೈತಿ.

ಅಂವ ಗಂಟು ಮುಟ್ಟಾಕ ಅಂಜಿದ. ನಾನ ಪೇಪರ್ ಹರದೆ. ಒಳಗ ಚೌಕಟ್ಟು ಹಾಕಿದ ಒಂದು ಫೋಟೋ. ಫೋಟೋದಾಗ ನಾನು. ಅದ ಮೂಗು, ಅದ ಮೀಸಿ, ಅದ ಬಕ್ಕ ತಲಿ. ಗಾಜಿನ ಮ್ಯಾಲ ಚಂದನದ ಹಾರ.

ಹದಿನೇಳು ಗಂಟಿನ ಅಮಲು ಒಮ್ಮಿಗೇ ಇಳೀತು. ನಾನೂ ಅವರ ಜೋಡಿ ಚೀರಿದೆ. "ನಾ ಯಾವಾಗ ಸತ್ತೆ?"

ಕಾಲಿಗೆ ಬಿದ್ದಾಂವ ತಲಿ ಎತ್ತದ ಹೇಳಿದ: "ಆಚೀ ಸೋಮವಾರ. ಹಾಲು ತರಾಕ ಹೋದಾಗ."

ಖರೇ ಹೇಳತೇನಿ, ಆ ಸೋಮವಾರ ನಾ ಎಲ್ಲಿದ್ದೆ ಅಂತ ನೆನಸಾಕ ಹತ್ತಿದೆ, ನೆನಪಾಗಲಿಲ್ಲ. ಮಂದಿ ಎಲ್ಲಾ ನನ್ನ ಕಡೆ ಕೈ ಮುಗದು ನಿಂತಿದ್ರು, ನಾ ಫೋಟೋಕ್ಕ ಕೈ ಮುಗದು ನಿಂತಿದ್ದೆ.

ಅಷ್ಟೊತ್ತಿಗೆ ಅಡಗೀ ಮನ್ಯಾಗಿಂದ ಸತ್ತಾಂವನ ಹೆಣತಿ ಹೊರಗ ಬಂದ್ಲು. ಮಂದಿ ದಾರಿ ಬಿಟ್ಟರು. ಆಕಿ ಅಂಜಲಿಲ್ಲ. ಹತ್ರ ಬಂದು ನನ್ನ ಮುಖ ನೋಡಿದ್ಲು, ಕೈಯಾಗಿನ ಫೋಟೋ ನೋಡಿದ್ಲು, ಮತ್ತ ಮುಖ ನೋಡಿದ್ಲು. ಆಮ್ಯಾಲ ಸೆರಗಿಲೆ ಕಣ್ಣು ಒರಸಿಕೊಂಡು ಎಲ್ಲಾರಿಗೂ ಕೇಳೂ ಹಂಗ ಅಂದ್ಲು:

"ಏಳ್ರಿ ಎಲ್ಲಾರೂ, ಊಟಕ್ಕ ಕುಂದರ್ರಿ. ಇವ್ರು ಅವ್ರಲ್ಲ. ಮೂವತ್ತು ವರ್ಷದಾಗ ನಮ್ಮವ್ರು, ನಾ ತಗೊಂಡ ಬಾ ಅಂದದ್ದನ್ನ ಒಂದ ದಿನಾನೂ ಮರೀದ ಮನಿಗೆ ತಂದಿಲ್ಲ."