ಕಾರ್ಗಲ್ಲಿನ ಕೊಲಾಪ್ಸು

'ಬಿದ್ದ' ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಒಂದೇ ಒಂದು ಶಬ್ದ ಗೊತ್ತಿದ್ದದ್ದು ಹೇರಂಬನ ಕಷ್ಟಕ್ಕೆಲ್ಲ ಮೂಲವಾಯಿತು.

ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಹೊಸದಾಗಿ ನೀರು ನಿಂತ ವರ್ಷ ಅದು. ಕಾರ್ಗಲ್ಲಿನ ಕಾಲೊನಿಯಲ್ಲಿ ಭಾನುವಾರ ಕುಸ್ತಿ ಇಟ್ಟಿದ್ದರು. ಮುಖ್ಯ ಅತಿಥಿಯಾಗಿ ಬರುವವರು ಉತ್ತರ ದೇಶದ ದೊಡ್ಡ ಸಾಹೇಬರು, ಕನ್ನಡದ ಗಂಧಗಾಳಿಯಿಲ್ಲ. ಅವರಿಗೆ ತಿಳಿಯುವಂತೆ ಮೈಕಿನಲ್ಲಿ ಇಂಗ್ಲಿಷ್ ವಿವರಣೆ ಕೊಡುವ ಕೆಲಸವನ್ನು ಹೆಡ್ ಕ್ಲರ್ಕ್ ಸುಬ್ಬಯ್ಯ ಬೆಳಿಗ್ಗೆಯೇ ಬಂದು ಹೇರಂಬನ ಕೊರಳಿಗೆ ಕಟ್ಟಿದ.

"ಸಾಹೇಬ್ರು ಖುಷಿಯಾದ್ರೆ ನಿಮ್ಮ ಟ್ರಾನ್ಸ್‌ಫರ್ ಮಾತು ನಾನೇ ತೆಗೀತೀನಿ ಮಾರಾಯ್ರೆ."

ಸಿಮೆಂಟ್ ಗೋದಾಮಿನ ಗುಮಾಸ್ತನಾದ ಹೇರಂಬ ದಿನಾ ಸಂಜೆ ಬೂದಿ ಬಳಿದ ಬೈರಾಗಿಯಂತೆ ಮನೆ ಸೇರುತ್ತಿದ್ದ. ಸಾಗರದ ಆಫೀಸಿಗೆ ವರ್ಗವಾದರೆ ಸಿಮೆಂಟೂ ತಪ್ಪುತ್ತದೆ, ಹೆಂಡತಿ ವರದೆಗೆ ವರದಮೂಲದ ತವರೂ ಹತ್ತಿರವಾಗುತ್ತದೆ. ಒಪ್ಪಿಕೊಂಡುಬಿಟ್ಟ. ಆಮೇಲೆ ಲೆಕ್ಕ ಹಾಕಿದ. ಕುಸ್ತಿಯಲ್ಲಿ ಬೀಳುವುದು ಬಿಟ್ಟರೆ ಮತ್ತೇನಿದೆ? ಸಂಜೆಯವರೆಗೂ 'ಫೆಲ್, ಫೆಲ್' ಎನ್ನುತ್ತ ಕೂತರೆ ಸಾಹೇಬರು ಏನೆಂದುಕೊಂಡಾರು?

"ಬಿದ್ದ ಹೇಳಲೆ ಒಂದು ಶಬ್ದ ಸಾಲ್ತಿಲ್ಯ?" ಎಂದಳು ವರದಾ.

"ಸಾಲ್ತಿಲ್ಲೆ. ಜಾರಿ ಬಿದ್ದದ್ದು ಬೇರೆ, ಧಡಕ್ಕನೆ ಕುಸಿದದ್ದು ಬೇರೆ!"

ಕಾಲೊನಿಯ ಗೋಡೆಗಳು ಹಪ್ಪಳದಷ್ಟು ತೆಳು. ಗಳಿಗೆಯಲ್ಲಿ ನೆರೆಯವರೆಲ್ಲ ಶಬ್ದದಾನಕ್ಕೆ ಹಾಜರಾದರು. ಅಡಿಕೆ ವ್ಯಾಪಾರದ ಮಂಜುನಾಥಪ್ಪ, "ಸ್ಲಂಪ್ ಅನ್ನಿ! ರೇಟು ದಿಢೀರ್ ಅಂತ ಬಿದ್ರೆ ಪೇಪರ್‌ನಲ್ಲಿ ಅದನ್ನೇ ಹಾಕ್ತಾರೆ" ಎಂದ. ಲಾರಿ ಡ್ರೈವರೊಬ್ಬ ತನ್ನ ಅನುಭವದಿಂದ 'ಕ್ರ್ಯಾಶ್' ಕೊಟ್ಟ. ಪಕ್ಕದ ಮನೆಯ ಕಾಂಪೌಂಡರ್ ಇಬ್ಬರನ್ನೂ ಸರಿಸಿ, "ಅವೆಲ್ಲ ಸಾದಾ ಸರಕು. ಕೊಲಾಪ್ಸ್ ಅನ್ನಿ! ನಿಂತಲ್ಲೇ ಕುಸಿದ್ರೆ ಡಾಕ್ಟ್ರು ಹೇಳೋದು ಅದೇ" ಎಂದು ತೀರ್ಪು ಕೊಟ್ಟ. ಹೇರಂಬ ಮೂರನ್ನೂ ಗಾಯತ್ರಿಯಂತೆ ಜಪಿಸುತ್ತ ಮೈದಾನಕ್ಕೆ ನಡೆದ.

ಮೊದಲ ಜೋಡಿಯಲ್ಲಿ ಒಬ್ಬ ಉರುಳಿದ. "ಸ್ಲಂಪ್!" ಎಂದು ಹೇರಂಬ ಗುಡುಗಿದ. ಅಡಿಕೆಯವರ ಬೆಂಚು ಎದ್ದು ನಿಂತಿತು. "ಎಷ್ಟು ಇಳೀತು? ಶಿವಮೊಗ್ಗದಲ್ಲೂ ಇಳೀತಾ?" ಶಬ್ದ ಕೊಟ್ಟಿದ್ದ ಮಂಜುನಾಥಪ್ಪನೇ ಎಲ್ಲರಿಗಿಂತ ಮೊದಲು ಎದೆ ಹಿಡಿದುಕೊಂಡ. ಎರಡನೆಯ ಕುಸ್ತಿಗೆ "ಕ್ರ್ಯಾಶ್!" ಎಂದಾಗ ಅರ್ಧ ಜನ ವಿಮಾನ ಹುಡುಕುತ್ತ ಆಕಾಶ ನೋಡಿದರು. ಸಾಹೇಬರು ಮಾತ್ರ ತಲೆದೂಗಿದರು. ಹೇರಂಬನಿಗೆ ಹುರುಪೇರಿತು.

ಕೊನೆಯ ಜೋಡಿ ಜಟ್ಟಿಂಗಪ್ಪ ಮತ್ತು ಕನ್ನಪ್ಪ. ಬಹಳ ಹೊತ್ತು ಎರಡು ಕೋಣಗಳಂತೆ ಹಣೆಗೆ ಹಣೆ ಕೊಟ್ಟು ನಿಂತಿದ್ದರು. ಇದ್ದಕ್ಕಿದ್ದಂತೆ ಕನ್ನಪ್ಪ ಬುಡ ಕಡಿದ ಮರದ ಹಾಗೆ ಉರುಳಿಬಿದ್ದ. ಹೇರಂಬ ಮೈಕನ್ನು ನುಂಗುವಂತೆ ಬಾಯಿಗೆ ಒತ್ತಿ ಅರಚಿದ:

"ಕೊಲಾಪ್ಸ್! ಟೋಟಲ್ ಕೊಲಾಪ್ಸ್!"

ಮಂಡಕ್ಕಿ ಮಾರುತ್ತಿದ್ದ ಗುತ್ಯಮ್ಮನಿಗೆ ಇಂಗ್ಲಿಷ್ ಬಾರದು. ಆದರೆ ಅಣೆಕಟ್ಟು ಕಟ್ಟುವಾಗ ಕಲ್ಲು ಹೊರುವ ಕೆಲಸದಲ್ಲಿದ್ದು, ದರೆಯ ಮಣ್ಣು ಜರಿದರೆ ಮೇಸ್ತ್ರಿಗಳು ಇದೇ ಶಬ್ದ ಕೂಗಿ ಎಲ್ಲರನ್ನೂ ಓಡಿಸುತ್ತಿದ್ದದ್ದು ನೆನಪಿತ್ತು.

"ಅಯ್ಯಯ್ಯೋ, ಡ್ಯಾಮು ಕೊಲಾಪ್ಸ್ ಆತಂತೆ! ಓಡ್ರೋ!"

ಮೈದಾನ ಒಡೆದ ಜೇನುಗೂಡಾಯಿತು. ಮುದುಕರು ಕೋಲು ಬಿಟ್ಟು ಗುಡ್ಡದ ಕಡೆಗೆ ಓಡಿದರು. ಬಿದ್ದಿದ್ದ ಕನ್ನಪ್ಪನನ್ನು ಗೆದ್ದ ಜಟ್ಟಿಂಗಪ್ಪನೇ ಹೆಗಲಿಗೆ ಹಾಕಿಕೊಂಡು ಓಡಿದ. ಹೇರಂಬ ಗಾಬರಿಯಿಂದ, "ಗುಡ್ಡ ಹತ್‌ಬೇಡಿ! ಗುಡ್ಡ ಹತ್‌ಬೇಡಿ!" ಎಂದು ಕೂಗಿದ. ಓಡುವವರ ಕಾಲಿಗೆ ಸಿಕ್ಕ ಮೈಕಿನ ತಂತಿ 'ಬೇಡಿ'ಯನ್ನು ನುಂಗಿತು. "ಗುಡ್ಡ ಹತ್... ಗುಡ್ಡ ಹತ್..." ಎಂದಷ್ಟೇ ಕಾಲೊನಿಯ ಮೂಲೆಮೂಲೆಗೂ ಕೇಳಿತು. ಮನೆಯಲ್ಲಿ ಮಲಗಿದ್ದವರೂ ಹತ್ತಿದರು.

ಎಲ್ಲರಿಗಿಂತ ಕೊನೆಯಲ್ಲಿ, ನೇಣಿಗೆ ಹೋಗುವವನಂತೆ, ಹೇರಂಬ ಗುಡ್ಡದ ನೆತ್ತಿ ತಲುಪಿದ. ದೂರದಲ್ಲಿ ಅಣೆಕಟ್ಟು ತನಗೇನೂ ಸಂಬಂಧವಿಲ್ಲವೆಂಬಂತೆ ಗಟ್ಟಿಯಾಗಿ ನಿಂತಿತ್ತು. ಬೂಟು ಕೈಯಲ್ಲಿ ಹಿಡಿದಿದ್ದ ಸಾಹೇಬರು ಅಣೆಕಟ್ಟು ನೋಡಿದರು, ಖಾಲಿ ಕಾಲೊನಿ ನೋಡಿದರು, ಕೈಗಡಿಯಾರ ನೋಡಿದರು.

"ಸಾರ್, ಇದೆಲ್ಲ ಈ ಮನುಷ್ಯಂದೇ..." ಎಂದು ಸುಬ್ಬಯ್ಯ ಬೆರಳು ತೋರಿಸಿದ.

ಸಾಹೇಬರು ಬಂದು ಹೇರಂಬನನ್ನು ಬಾಚಿ ತಬ್ಬಿಕೊಂಡರು!

ಅವರ ಇಂಗ್ಲಿಷಿನ ಸಾರಾಂಶ ಇಷ್ಟು: ಅಪಾಯ ಬಂದರೆ ಜನ ಗುಡ್ಡ ಹತ್ತುವ ಅಭ್ಯಾಸ ಮಾಡಿಸಿ ಎಂದು ತಾವು ಅಣೆಕಟ್ಟಿರುವ ಊರೂರಿನಲ್ಲಿ ಹೇಳಿ ಸೋತಿದ್ದರು; ಒಂದು ನರಪಿಳ್ಳೆಯೂ ಹಿಂದುಳಿಯದಂತೆ ಮಾಡಿಸಿದ ಗಂಡಸು ಇವನೊಬ್ಬನೇ. ಸುಬ್ಬಯ್ಯನ ಬೆರಳು ಹಾಗೇ ಮಡಿಸಿಕೊಂಡು ಕೈಮುಗಿಯಿತು. "ಹೌದು ಸಾರ್, ನಾನೇ ಆರಿಸಿದ್ದು!"

ಗೆದ್ದವನಿಗೆಂದು ತಂದ ಹಾರ ಹೇರಂಬನ ಕೊರಳಿಗೆ ಬಿತ್ತು. ಜಟ್ಟಿಂಗಪ್ಪ ಕನ್ನಪ್ಪನನ್ನು ಇಳಿಸಿ ಹೇರಂಬನನ್ನು ಹೆಗಲಿಗೇರಿಸಿದ. ಗುಡ್ಡವೆಲ್ಲ ಜೈಕಾರ. ಏನು ಬೇಕೋ ಕೇಳು ಎಂದರು ಸಾಹೇಬರು. ಹೇರಂಬ ಹೆಗಲ ಮೇಲಿಂದಲೇ ಧೈರ್ಯವಾಗಿ, "ಟ್ರಾನ್ಸ್‌ಫರ್ ಟು ಸಾಗರ್, ಸಾರ್!" ಎಂದ.

ಸಾಹೇಬರು ಹೌಹಾರಿದರು. ಸುಬ್ಬಯ್ಯ ಅವರ ಮಾತನ್ನು ಜನಕ್ಕೆ ಕನ್ನಡದಲ್ಲಿ ಕೂಗಿ ಹೇಳಿದ:

"ಇಂಥವರನ್ನ ಬಿಟ್ಟುಕೊಡೋದಾ? ಅಣೆಕಟ್ಟು ಇರೋವರೆಗೂ ಹೇರಂಬ ಇಲ್ಲೇ ಇರಬೇಕು ಅಂತ ಆರ್ಡರ್ ಆಯ್ತು!"

ಚಪ್ಪಾಳೆ ಮುಗಿಲು ಮುಟ್ಟಿತು. ಹೆಗಲ ಮೇಲಿದ್ದ ಹೇರಂಬನೂ ಏನೂ ತೋಚದೆ ಚಪ್ಪಾಳೆ ತಟ್ಟಿದ. ಗುಂಪಿನ ನಡುವಿನಿಂದ ವರದಾ ಸುಬ್ಬಯ್ಯನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಈ ಅಣೆಕಟ್ಟು ಎಷ್ಟು ವರ್ಷ ಇರ್ತು?"

"ನೂರು ವರ್ಷಕ್ಕೆ ಮೋಸ ಇಲ್ಲ ಅಮ್ಮಾ," ಎಂದ ಸುಬ್ಬಯ್ಯ ಹೆಮ್ಮೆಯಿಂದ.