ಗಂಜಿ ಹಿಡಿದ ಶ್ವಾಸಕೋಶ

ನಮ್ಮ ಮನೆಯಲ್ಲಿ ಒಬ್ಬರು ಕೆಮ್ಮಿದರೆ ಸಾಕು, ರಬಕವಿಯ ಅರ್ಧ ಊರು ಡಾಕ್ಟರಾಗುತ್ತದೆ. ಇಂಥವು ನಡೆಯುತ್ತಲೇ ಇರುತ್ತವೆ. ಕೇಳಿದವರು ನಗುತ್ತಾರೆ, ನನಗೆ ಇವತ್ತಿಗೂ ಮೈ ಉರಿಯುತ್ತದೆ.

೧. ಗಂಜಿ, ಬಣ್ಣ

ನಮ್ಮ ಯಜಮಾನರು ಸೀರೆ ಮಗ್ಗದವರು. ಶ್ವಾಸಕೋಶದ ಸೋಂಕು ವರ್ಷಗಟ್ಟಲೆ ಬಿಟ್ಟಿಲ್ಲ. ಎಕ್ಸ್‌ರೇ, ಕಫದ ರಿಪೋರ್ಟು ಎಲ್ಲ ತಾರೀಕಿನ ಪ್ರಕಾರ ಜೋಡಿಸಿಕೊಂಡು, ಇವರನ್ನೂ ಕರೆದೊಯ್ದು ಜಮಖಂಡಿಯ ಡಾಕ್ಟರಿಗೆ ತೋರಿಸಿದೆ.

"ರೋಗಾಣು ಒಳಗ ಲೋಳಿ ಪರದೆ ಕಟ್ಟಿಕೊಂಡು ಕುಂತಾವ್ರಿ, ಗುಳಗಿ ಪೂರಾ ಇಳಿಯೂದಿಲ್ಲ" ಎಂದರು ಅವರು. "ನೈಟ್ರಿಕ್ ಆಕ್ಸೈಡ್ ಗಾಳಿ ಅಳತಿ ಮ್ಯಾಲೆ ಕೊಟ್ಟರ ಪರದೆ ಬಿಟ್ಟು ಚದರತಾವು, ಆಗ ಔಷಧ ಹತ್ತತೈತಿ ಅಂತ ಸಂಶೋಧನೆ ನಡದೈತಿ. ನಮ್ಮ ಕಡೆ ಇನ್ನೂ ಬಂದಿಲ್ಲ. ಗುಳಗಿ ಮಾತ್ರ ತಪ್ಪಿಸಬ್ಯಾಡ್ರಿ. ಮತ್ತ ಮತ್ತ ಜ್ವರ ಬಂದರ ಉಳಿದ ಶ್ವಾಸಕೋಶಾನೂ ಕೆಡತೈತಿ."

ಇವರು ಥಟ್ಟನೆ, "ನೂಲಿನ ಗಂಜಿ ತೆಗೀದಿದ್ರ ಬಣ್ಣ ಹತ್ತೂದಿಲ್ಲ, ಹಂಗ ಅಲ್ರೀ?" ಎಂದರು. ಡಾಕ್ಟರು ಮೆಚ್ಚಿದರು. ನಾನೂ ಹೆಮ್ಮೆಪಟ್ಟೆ.

ಕೆಲವೇ ದಿನಕ್ಕೆ ಮತ್ತೆ ಜ್ವರ. ತಲೆದಿಂಬಿನ ಕೆಳಗೆ ಗುಳಿಗೆಗಳು ಹಾಗೇ ಇದ್ದವು.

"ಯಾಕ ತಗೊಂಡಿಲ್ಲ?"

"ಗಂಜಿ ಇನ್ನೂ ಹೋಗಿಲ್ಲಲ್ಲ. ಗಾಳಿ ಬರೂತನಕ ಬಣ್ಣ ಯಾಕ ಹಾಳು ಮಾಡೂದು?"

ಅಂದಿನಿಂದ ಇವರು ಡಾಕ್ಟರ ಮುಂದೆ ಬಾಯಿ ತೆರೆಯುವುದು ನಾಲಗೆ ತೋರಿಸಲಿಕ್ಕೆ ಮಾತ್ರ.

೨. ಬಸ್ಸಿನ ಹಿಂದೆ

ಆ ಗಾಳಿಯ ಸುದ್ದಿ ಇವರ ಅಣ್ಣನಿಗೆ, ನಮ್ಮ ಭಾವನವರಿಗೆ ಮುಟ್ಟಿತು. ಮೊಬೈಲು ಹಿಡಿದುಕೊಂಡೇ ಬಂದರು. "ಆ ಗಾಳಿ ಗಾಡಿ ಹೊಗಿಯಾಗ ಇರತೈತಂತ. ತೇರದಾಳ ಬಸ್ಸಿನ ಹಿಂದ ನಿಂತರ ಪುಕ್ಕಟೆ ಸಿಗತೈತಿ."

ಅಷ್ಟರಲ್ಲಿ ಇವರು ಚಪ್ಪಲಿ ಮೆಟ್ಟಿಯಾಗಿತ್ತು.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು. ಬಾಗಿಲಿಗೆ ಅಡ್ಡ ನಿಂತೆ. "ಭಾವಾರ, ಅಳತಿ ತಪ್ಪಿದರ ಅದು ವಿಷ. ಡೀಸೆಲ್ ಹೊಗಿಯಾಗ ಬ್ಯಾರೆ ವಿಷಾನೂ ಅದಾವು."

"ನಾನೂ ದಿನಾ ಬಸ್‌ಸ್ಟ್ಯಾಂಡಿನಾಗ ನಿಂದರತೇನಿ. ನನಗೇನಾಗೇತಿ?"

ತಲೆಗೆ ಏನಾಗಿದೆಯೆಂದು ಭಾವನಿಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಇವರ ಚಪ್ಪಲಿ ಬಿಚ್ಚಿಸಿ ಒಳಗಿಟ್ಟೆ.

೩. ಬೆಳಗಿನ ಸದ್ದು

ಈಗ ಗುಳಿಗೆ ನಾನೇ ಬಾಯಿಗೆ ಹಾಕುತ್ತೇನೆ. ಕಫ ಇಳಿಯಲೆಂದು ಬೆನ್ನು ತಟ್ಟುವುದನ್ನೂ ಡಾಕ್ಟರು ಕಲಿಸಿದ್ದಾರೆ. ಇವರ ಹೊಟ್ಟೆಯ ಕೆಳಗೆ ದಿಂಬಿಟ್ಟು, ತಲೆ ತಗ್ಗಿಸಿ ಮಲಗಿಸಿ, ಅಂಗೈಯನ್ನು ಬಟ್ಟಲು ಮಾಡಿ ಧಪಧಪ ತಟ್ಟಬೇಕು. ಮೊದಮೊದಲು, ದಿಂಬಿನ ಕೆಳಗಿನ ಗುಳಿಗೆಯ ಸಿಟ್ಟು ಇನ್ನೂ ಆರಿರಲಿಲ್ಲ. ಸದ್ದು ಕೊಂಚ ಜೋರಾಗಿಯೇ ಬರುತ್ತಿತ್ತು.

ಒಂದು ಬೆಳಗ್ಗೆ ಪಕ್ಕದ ಮನೆಯ ಹಿರಿಯಾಕೆ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಒಳಗೇ ಬಂದರು. "ಬಾಯಾರ, ಕಲಿತವರು ನೀವು. ಬ್ಯಾನಿ ಬಿದ್ದ ಗಂಡನ್ನ ದಿನಾ ಹಿಂಗ ಹೊಡೀತಾರೇನ್ರೀ?"

"ಇದು ಔಷಧಾ ರೀ. ಅವರನ್ನ ಕೇಳ್ರಿ."

ಇವರು ಮಲಗಿದಲ್ಲಿಂದಲೇ, "ಹೊಡೀಲಿ ಬಿಡ್ರಿ, ಛಲೋ ಆಗಾಕತ್ತೈತಿ" ಎಂದರು. ಆಮೇಲೆ ಎದ್ದು ಕೆಮ್ಮಿ, ಕಫ ಉಗುಳಿ, ಉದ್ದಕ್ಕೆ ಉಸಿರೆಳೆದರು. ಎಷ್ಟೋ ತಿಂಗಳ ಮೇಲೆ ಆ ಉಸಿರಿನಲ್ಲಿ ಸಿಳ್ಳೆಯ ಸದ್ದಿರಲಿಲ್ಲ.

ಹೆಂಗಸರೆಲ್ಲ ಹೊರಟರು. ಹಿರಿಯಾಕೆ ಮಾತ್ರ ಹೊಸ್ತಿಲಲ್ಲಿ ನಿಂತು ದನಿ ತಗ್ಗಿಸಿದರು.

"ನಮ್ಮನಿಯವರಿಗೆ ಕೆಮ್ಮಿಲ್ರೀ ಬಾಯಾರ. ಆದ್ರೂ ನಡೀತೈತೇನ್ರೀ?"